‘ನಾಗರಹಾವು’ ಕಥೆಯ ಒಳಹುರುಳು

ಚಿತ್ರದುರ್ಗದ ಸೀಮೆಯವರಿಗೆ ‘ನಾಗರಹಾವು’ ಎಂಬ ಕಥೆಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. 1972ನೆಯ ಇಸವಿಯಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲಚ್ಚಿತ್ರವಾಗಿ ತೆಗೆದ ಮೇಲೆ ಓದು ಬಾರದವರ ಮನೆಗಳಲ್ಲಿಯೂ ಅದು ಬಾಯಿಮಾತಾಯಿತು. 2018ರಲ್ಲಿ ಅದೇ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ ತೋರಿಸಿದಾಗ, ಹಿಂದೆ ಕನ್ಯೆಯರಾಗಿ ನೋಡಿದ್ದವರು ಮೊಮ್ಮಕ್ಕಳ ಕೈಹಿಡಿದುಕೊಂಡು ಮತ್ತೊಮ್ಮೆ ನೋಡಿದರು. ಇಷ್ಟು ಜನಜನಿತವಾದ ಕಥೆಗೆ ವ್ಯಾಖ್ಯಾನವೇಕೆ ಎಂದು ವಾಚಕರು ಕೇಳಬಹುದು. ಯಾವ ಕಥೆಯನ್ನು ನಾವೆಲ್ಲರೂ ಚೆನ್ನಾಗಿ ಬಲ್ಲೆವೆಂದು ತಿಳಿದಿರುವೆವೋ ಅದನ್ನೇ ನಾವು ಸರಿಯಾಗಿ ನೋಡದೆ ಬಿಡುವುದುಂಟು. ‘ನಾಗರಹಾವು’ ಎಂದೊಡನೆ ಜನರು ನೆನೆಯುವುದು ಸಿಟ್ಟಿನ ಹುಡುಗನಾದ ರಾಮಾಚಾರಿಯನ್ನು. ಅವನ ತರುವಾಯ ಚಾಮಯ್ಯ ಮೇಷ್ಟ್ರನ್ನು. ಆ ಕಥೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇರುವರು. ಅವರನ್ನು ಮುಂದಿಟ್ಟುಕೊಂಡು ಕಥೆಯನ್ನು ಓದಿದರೆ ಅದರ ಹುರುಳೇ ಬೇರೆಯಾಗಿ ತೋರುವುದೆಂಬುದು ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳನ್ನು ಓದಿಸಿದ ತಂದೆತಾಯಿಗಳೂ, ಓದಿ ಈಗ ತಾವೇ ತಾಯಂದಿರಾಗಿರುವವರೂ ಇದನ್ನು ಸ್ವಲ್ಪ ಆಲೋಚಿಸತಕ್ಕುದು.

ಈ ಕಥೆಯನ್ನು ಬರೆದ ತ. ರಾ. ಸುಬ್ಬರಾಯರು ನಮ್ಮ ಮಗ್ಗುಲಿನವರೇ. ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯವರಿಗೆ ಚಳ್ಳಕೆರೆ ತಾಲ್ಲೂಕಿನ ತಳುಕು ನೆರೆಯ ಸೀಮೆ. ಆ ತಳುಕೇ ಸುಬ್ಬರಾಯರ ಮನೆತನದ ಊರು, ಅವರ ಹೆಸರಿನ ಮೊದಲಕ್ಷರವೂ ಅದೇ. ಅವರು ಹುಟ್ಟಿದ್ದು 1920ರಲ್ಲಿ ಮಲೆಬೆನ್ನೂರಿನಲ್ಲಿ, ತೀರಿಕೊಂಡದ್ದು 1984ರಲ್ಲಿ. ಸ್ವಾತಂತ್ರ್ಯದ ಹೋರಾಟಕ್ಕಾಗಿ ಓದನ್ನು ಬಿಟ್ಟು, ಪತ್ರಿಕೋದ್ಯೋಗದಲ್ಲಿ ದುಡಿದು, ಪ್ರಗತಿಶೀಲರೆಂಬ ಬರೆಹಗಾರರ ಗುಂಪಿನಲ್ಲಿ ಒಬ್ಬರಾಗಿ ಹೆಸರುಗೊಂಡರು. ದುರ್ಗದ ಪಾಳೆಯಗಾರರ ಚರಿತ್ರೆಯನ್ನು ‘ಕಂಬನಿಯ ಕುಯಿಲು’ ಮೊದಲಾಗಿ ‘ದುರ್ಗಾಸ್ತಮಾನ’ದವರೆಗೆ ಕಾದಂಬರಿಗಳ ಸಾಲಾಗಿ ಬರೆದವರು ಅವರೇ. ಸಂಗೀತಗಾರನೊಬ್ಬನ ಕಥೆಯಾದ ‘ಹಂಸಗೀತೆ’ಯೂ ಅವರದೇ. ಮಳೆ ಕಡಿಮೆ, ಬಂಡೆ ಬಹಳ, ಕಡಲೆಕಾಯಿಯ ಹೊಲ, ಕುರಿಯ ಹಿಂಡು, ಕಂಬಳಿಯ ಮಗ್ಗ, ಇವುಗಳ ನಡುವಿನಿಂದ ಬಂದ ಮನೆತನವೊಂದು ಕನ್ನಡಕ್ಕೆ ಇಷ್ಟು ಕೊಟ್ಟಿತೆಂಬುದು ನಮ್ಮ ಸೀಮೆಯವರು ಹೆಮ್ಮೆಪಡತಕ್ಕ ವಿಷಯ.

‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣನವರು ಒಂದೇ ಚಿತ್ರವನ್ನಾಗಿ ಮಾಡಿದರು. ಅದನ್ನು ನೋಡಿದ ಸುಬ್ಬರಾಯರು, ತಮ್ಮ ನಾಗರಹಾವು ಅಲ್ಲಿ ಕೇರೆಹಾವಾಯಿತೆಂದು ನುಡಿದರೆಂಬುದು ಪ್ರಸಿದ್ಧವಾಗಿದೆ. ಕಡಲೆಕಾಯಿ ಕೀಳುವ ಹೊಲದಲ್ಲಿ ನಡೆದವರಿಗೆ ಈ ಮಾತಿನ ಮೊನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರೆಹಾವು ಉದ್ದವಾಗಿ ಭಯಂಕರವಾಗಿ ಕಂಡರೂ ಅದಕ್ಕೆ ವಿಷವಿಲ್ಲ. ಇಲಿಯನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುವುದು. ನಾಗರವಾದರೋ ಹೆಡೆಯೆತ್ತಿ ಮುಂದಾಗಿಯೇ ಎಚ್ಚರಿಕೆ ಕೊಟ್ಟು, ಎಚ್ಚರಿಕೆಯನ್ನು ಮೀರಿದವರನ್ನು ಕಚ್ಚುವುದು. ಚಿತ್ರದ ರಾಮಾಚಾರಿಯು ಎಲ್ಲರ ಮುದ್ದಿನ ಹುಡುಗನಾಗಿಬಿಟ್ಟನು, ಅವನ ವಿಷವು ಇಳಿದುಹೋಯಿತು ಎಂಬುದು ಆ ಮಾತಿನ ತಾತ್ಪರ್ಯವೆಂದು ನಾವು ಗ್ರಹಿಸುತ್ತೇವೆ. ಬರೆದವರಿಗೆ ಹೀಗೆ ಹೇಳುವ ಹಕ್ಕಿದೆ. ಆದಾಗ್ಯೂ ಈಗ ಊರೂರಲ್ಲಿಯೂ ಜನರ ನೆನಪಿನಲ್ಲಿ ಉಳಿದಿರುವುದು ಚಿತ್ರದ ಕಥೆಯೇ ಆದುದರಿಂದ, ನಾವು ಇಲ್ಲಿ ವಿಚಾರಿಸುವುದು ಅದನ್ನೇ.

ಕಥೆಯನ್ನು ಚಿಕ್ಕದಾಗಿ ಹೇಳುವೆವು. ರಾಮಾಚಾರಿಯು ಆಚಾರವಂತ ಬ್ರಾಹ್ಮಣ ತಂದೆಯ ಮಗ; ಕಾಲೇಜಿನಲ್ಲಿ ಓದುವವನು; ಮುಂಗೋಪಿ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಅವಮಾನಕ್ಕೆ ಗುರಿಯಾಗುವನು. ಅವಮಾನಕ್ಕೆ ಸೇಡನ್ನೂ ತೀರಿಸಿಕೊಳ್ಳುವನು. ಊರೆಲ್ಲ ಅವನನ್ನು ಕಂಡರೆ ಮುಖ ಸಿಂಡರಿಸುವಾಗ ಅವನಿಗೆ ಪಾಠ ಹೇಳಿದ ಚಾಮಯ್ಯ ಮೇಷ್ಟ್ರೂ ಅವರ ಹೆಂಡತಿ ತುಂಗಮ್ಮನೂ ಮಾತ್ರ ಮಗನಂತೆ ಕಾಣುವರು. ಸ್ನೇಹಿತನಾದ ವರದನ ತಂಗಿ ಅಲಮೇಲುವನ್ನು ಜಲೀಲನೆಂಬವನು ಪೀಡಿಸುತ್ತಿರಲು, ರಾಮಾಚಾರಿಯು ಅಡ್ಡ ನಿಂತು ಅವಳನ್ನು ಕಾಪಾಡುವನು. ಅವರಿಬ್ಬರಲ್ಲಿಯೂ ಅನುರಾಗವು ಹುಟ್ಟುವುದು. ಹುಡುಗಿಗೆ ಬೇರೆ ವರನನ್ನು ಗೊತ್ತುಮಾಡಿದಾಗ, ತನ್ನ ಕಡೆಯಿಂದ ಸಹಾಯವುಂಟೆಂದಿದ್ದ ವರದನು ಜಾರಿಕೊಳ್ಳುವನು. ಅವರ ಪಂಗಡ ಬೇರೆ, ಇವರ ಪಂಗಡ ಬೇರೆ. ಚಾಮಯ್ಯ ಮೇಷ್ಟ್ರು ನಡುವೆ ಬಂದು, ಪ್ರೇಮಕ್ಕಿಂತ ತ್ಯಾಗವು ದೊಡ್ಡದೆಂದು ರಾಮಾಚಾರಿಯನ್ನು ಒಪ್ಪಿಸುವರು. ಅಲಮೇಲುವಿನ ಮದುವೆಯು ನಡೆದುಹೋಗುವುದು. ಆಮೇಲೆ ರಾಮಾಚಾರಿಯ ಬಾಳಿನಲ್ಲಿ ಕ್ರೈಸ್ತ ಕುಟುಂಬದ ಮಾರ್ಗರೆಟ್ ಬರುವಳು. ಈ ಮಧ್ಯೆ ಒಂದು ದಿನ ಹೋಟಲೊಂದರಲ್ಲಿ ಅವನಿಗೆ ಅಲಮೇಲು ಎದುರಾಗುವಳು: ಕೈಹಿಡಿದವನೇ ಅವಳನ್ನು ಮಾರಾಟದ ಬಾಳಿಗೆ ನೂಕಿರುವನು. ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟ್ರು ಪುನಃ ಅಡ್ಡ ಬಂದಾಗ, ಬೆಟ್ಟದ ಬಂಡೆಯ ಮೇಲೆ ಗುರುಶಿಷ್ಯರ ವಾದವು ನಡೆದು, ಶಿಷ್ಯನ ಕೈಯಿಂದಲೇ ಗುರುವು ಕೆಳಗೆ ಬೀಳುವರು. ಕೊಲ್ಲಬೇಕೆಂಬ ಬುದ್ಧಿಯು ಅಲ್ಲಿಲ್ಲ. ಆದರೂ ಸಾವು ಸಾವೇ. ಅವನೂ ಮಾರ್ಗರೆಟ್ಟಳೂ ಅಲ್ಲಿಯೇ ಪ್ರಾಣ ಬಿಡುವರು.

ಅವಮಾನವು ಮನುಷ್ಯನನ್ನು ಏನು ಮಾಡುವುದೆಂಬುದು ಈ ಕಥೆಯ ಒಂದು ವಿಷಯ. ಅದು ಎಲ್ಲರ ಕಣ್ಣಿಗೂ ಬೀಳುವುದು. ನಕಲು ಮಾಡಿದ ಹುಡುಗನಿಗೆ ಶಿಕ್ಷೆ ಬೇಕು, ಸಂದೇಹವಿಲ್ಲ. ಹತ್ತು ಜನರ ಮುಂದೆ ಅವನನ್ನು ಹುಳುವಿನಂತೆ ಮಾಡುವುದು ಬೇಕಿಲ್ಲ. ಪಾಠಶಾಲೆಯ ಬಾಗಿಲು ತುಳಿದವರೆಲ್ಲರೂ ಇದನ್ನು ಬಲ್ಲರಾದುದರಿಂದ ಹೆಚ್ಚು ಬರೆಯುವುದಿಲ್ಲ. ಗಂಡುಮಕ್ಕಳ ಅವಮಾನಕ್ಕೆ ಕಲ್ಲು, ಹೊಡೆದಾಟ ಎಂಬ ದಾರಿಗಳಾದರೂ ಇರುವುವು. ಹೆಣ್ಣುಮಕ್ಕಳ ಅವಮಾನಕ್ಕೆ ಯಾವ ದಾರಿ ಎಂಬುದನ್ನು ಮಾತ್ರ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಇನ್ನು ಚಾಮಯ್ಯ ಮೇಷ್ಟ್ರು. ಅಶ್ವತ್ಥರು ಆ ಪಾತ್ರವನ್ನು ಅಭಿನಯಿಸಿದ ರೀತಿಯಿಂದ, ಕನ್ನಡನಾಡಿನಲ್ಲಿ ಒಳ್ಳೆಯ ಉಪಾಧ್ಯಾಯರೆಂದರೆ ಚಾಮಯ್ಯ ಮೇಷ್ಟ್ರೆಂಬಂತಾಗಿದೆ. ಅವರು ಒಳ್ಳೆಯವರೇ. ಊರೆಲ್ಲ ಹಾವೆಂದು ಕಲ್ಲೆತ್ತಿಕೊಂಡಾಗ ಅವರೊಬ್ಬರೇ ಅದನ್ನು ಹೊಡೆಯಬೇಡಿರೆಂದವರು. ಅವರ ಒಂದು ಮಾತಿಗೆ ಆ ಹುಡುಗನ ಹೆಡೆಯು ತಗ್ಗುವುದು. ಗುರುವಿನ ಪ್ರೀತಿಗೆ ಇಷ್ಟು ಬಲವುಂಟೆಂದು ತೋರಿಸುವ ಭಾಗಗಳು ಕಥೆಯಲ್ಲಿ ಅತ್ಯಂತ ಸೊಗಸಾದುವು. ನೋಡುವವರ ಕಣ್ಣಲ್ಲಿ ನೀರು ಬರುವುದೂ ಅಲ್ಲಿಯೇ.

ಆದರೆ ಆ ಬಲವನ್ನು ಮೇಷ್ಟ್ರು ಯಾವುದಕ್ಕೆ ಉಪಯೋಗಿಸಿದರೆಂಬುದೇ ಪ್ರಶ್ನೆ. ರಾಮಾಚಾರಿಯು ತಮ್ಮ ಮಾತನ್ನು ಮೀರುವುದಿಲ್ಲವೆಂಬುದನ್ನು ಅವರು ಬಲ್ಲರು. ಬಲ್ಲವರಾದುದರಿಂದಲೇ, ಊರಿನ ರೂಢಿಯು ಯಾವುದನ್ನು ಕೇಳುವುದೋ ಅದನ್ನು ಅವನಿಂದ ಕೇಳಿ ಪಡೆಯುವರು. ಅಲಮೇಲುವಿನ ಮನೆಯವರು ಬೆದರಿಸಿ ಮಾಡಲಾರದುದನ್ನು ಗುರುವು ಪ್ರೀತಿಯಿಂದ ಮಾಡಿಸಿಬಿಡುವರು. ಬೈಗುಳಕ್ಕೆ ಎದುರಾಡುವುದು ಸುಲಭ. ಪ್ರೀತಿಸುವವರು ತಲೆಯ ಮೇಲೆ ಕೈಯಿಟ್ಟು ಆಜ್ಞಾಪಿಸಿದರೆ ಎದುರಾಡುವುದು ಬಹು ಕಷ್ಟ. ಈ ಕಥೆಯ ಮುಖ್ಯವಾದ ಹುರುಳು ಇದೇ ಎಂದು ನಾವು ತಿಳಿಯುತ್ತೇವೆ: ಕೇಳದೆ ನಿರ್ಣಯಿಸುವ ಪ್ರೀತಿಯು ಏನನ್ನು ಮಾಡಬಲ್ಲದೆಂಬುದು. ಮೇಷ್ಟ್ರಲ್ಲಿ ಕೆಟ್ಟ ಬುದ್ಧಿಯು ಲವಲೇಶವೂ ಇಲ್ಲದಿರುವುದರಿಂದಲೇ ಅದು ದುರಂತವಾಗುವುದು. ಅವರು ದುಷ್ಟರಾಗಿದ್ದರೆ ಬರಿಯ ಹೊಡೆದಾಟದ ಕಥೆಯಾಗುತ್ತಿತ್ತು.

ಸುಬ್ಬರಾಯರ ತಂದೆಯ ಸೋದರರಾದ ತ. ಸು. ವೆಂಕಣ್ಣಯ್ಯನವರ ಹೆಸರು ಇಲ್ಲಿ ನೆನಪಿಗೆ ಬರುವುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲನೆಯ ಪ್ರಾಧ್ಯಾಪಕರಾಗಿದ್ದ ಅವರು 1939ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಗತಿಸಿದ ಆ ಗುರುವಿಗೇ ಅರ್ಪಿಸಿದರು. ಬ್ರಾಹ್ಮಣ ಗುರು, ಒಕ್ಕಲು ಮನೆತನದ ಶಿಷ್ಯ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗುರುಶಿಷ್ಯರ ನಂಟು ಜಾತಿಯ ಗೋಡೆಯನ್ನು ದಾಟಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಒಂದೇ ಮನೆತನದಲ್ಲಿ ಇಂತಹ ನಿದರ್ಶನವಿರಲು, ಅದೇ ಮನೆತನದ ಕಾದಂಬರಿಕಾರರು ಜಾತಿಯ ಗೋಡೆಯ ಮುಂದೆ ಬಂದು ನಿಂತುಬಿಡುವ ಗುರುವೊಬ್ಬರನ್ನು ಚಿತ್ರಿಸಿರುವುದು ಗಮನಿಸತಕ್ಕುದು. ಒಂದರಿಂದ ಒಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಚಾಮಯ್ಯ ಮೇಷ್ಟ್ರು ಎಲ್ಲಿ ನಿಂತರೆಂಬುದು ಸ್ಪಷ್ಟವಾಗುವುದು, ಅಷ್ಟೆ.

ತ್ಯಾಗ ಎಂಬ ಮಾತನ್ನು ಸ್ವಲ್ಪ ಒರೆಗೆ ಹಚ್ಚೋಣ. ರಾಮಾಚಾರಿಯು ತ್ಯಾಗ ಮಾಡಿದನೆಂದು ಊರು ಹೊಗಳುವುದು, ನೋಡುವವರೂ ಹೊಗಳುವರು. ತನ್ನದಾದ ಹಣವನ್ನು ಕೊಟ್ಟರೆ ತ್ಯಾಗ, ತನ್ನ ಸುಖವನ್ನು ಬಿಟ್ಟರೆ ತ್ಯಾಗ. ಅಲಮೇಲುವನ್ನು ಬಿಟ್ಟುಕೊಡುವುದಕ್ಕೆ ಅವಳು ಅವನ ಎತ್ತೋ ಹೊಲವೋ? ಅವನು ತ್ಯಾಗ ಮಾಡಿದುದು ಅವಳ ಬಾಳನ್ನು. ಗುರುವು ಕೇಳಿದರು, ಶಿಷ್ಯನು ಕೊಟ್ಟನು, ಅಣ್ಣನು ಸುಮ್ಮನಾದನು, ತಂದೆತಾಯಿಗಳು ನೆಮ್ಮದಿಯಿಂದ ಧಾರೆಯೆರೆದರು. ಇಷ್ಟು ಜನರಲ್ಲಿ ಒಬ್ಬರ ನಿರ್ಣಯಕ್ಕಾದರೂ ಆ ಹುಡುಗಿಯ ಇಷ್ಟವು ಆಧಾರವಾಗಲಿಲ್ಲ. ಅವಳ ಮನಸ್ಸು ಎಲ್ಲಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರೂ ಅದನ್ನು ಲೆಕ್ಕಕ್ಕೆ ತರಲಿಲ್ಲವೆಂದು ತೋರುವುದು. ಹೋಟಲಿನ ಆ ಭೇಟಿಯಲ್ಲಿ ರಾಮಾಚಾರಿಯ ಎದೆಯೊಡೆಯುವುದು ಇದರಿಂದಲೇ. ತಾನು ದೊಡ್ಡದೊಂದನ್ನು ಮಾಡಿದೆನೆಂದು ಅವನು ನಂಬಿದ್ದನು; ಅದರ ಬೆಲೆಯನ್ನು ತೆತ್ತವಳು ಎದುರಿಗೆ ನಿಂತಳು. ಆ ಪಾತ್ರವನ್ನು ವಹಿಸಿದ ಆರತಿಯವರು ಅಬ್ಬರವಿಲ್ಲದೆ ಆ ಸಂದರ್ಭವನ್ನು ನಿರ್ವಹಿಸಿರುವರು. ಚಿತ್ರದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ಭಾಗವು ಅದು.

ಇದೇ ಚಿತ್ರದ ನಡುವೆ ಒನಕೆ ಓಬವ್ವಳ ವೃತ್ತಾಂತವು ಬರುವುದು. ಜಯಂತಿಯವರು ಓಬವ್ವಳಾಗಿ ಒನಕೆಯನ್ನು ಎತ್ತಿದ ಆ ಭಾಗವನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅನುಕರಿಸದ ಹುಡುಗಿಯರು ಕಡಿಮೆ. ವೃತ್ತಾಂತವು ಸರ್ವವಿದಿತ: ಕಡೆಯ ಮದಕರಿನಾಯಕನ ಕಾಲ, ಹೈದರಾಲಿಯ ದಂಡು ಕೋಟೆಯನ್ನು ಮುತ್ತಿತ್ತು. ಕಾವಲಿನ ಕಹಳೆಯ ಮುದ್ದಹನುಮನು ಉಣ್ಣುವುದಕ್ಕೆ ಮನೆಗೆ ಬಂದಿರುವಾಗ, ನೀರು ತರಲು ಹೋದ ಅವನ ಹೆಂಡತಿಯು ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳಿ ಬರುತ್ತಿರುವುದನ್ನು ಕಂಡು, ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ, ಒನಕೆಯನ್ನು ತಂದು ಒಬ್ಬೊಬ್ಬನನ್ನೇ ಕೆಡೆದಳು. 1779ರಲ್ಲಿ ದುರ್ಗವು ಬಿದ್ದೇ ಬಿದ್ದಿತು. ನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಆದರೂ ಸೋತ ಕೋಟೆಯಲ್ಲಿ ಜನರು ನೆನಪಿನಲ್ಲಿ ಉಳಿಸಿಕೊಂಡಿರುವ ಹೆಸರುಗಳಲ್ಲಿ ಆ ಹೆಂಗಸಿನ ಹೆಸರು ಮೊದಲನೆಯದು. 2021ರಿಂದ ನವೆಂಬರ್ 11ನ್ನು ಸರ್ಕಾರವೂ ಓಬವ್ವಳ ಜಯಂತಿಯೆಂದು ಆಚರಿಸುತ್ತ ಬಂದಿದೆ.

ಅವಳ ಶೌರ್ಯವನ್ನು ಎಲ್ಲರೂ ಹೇಳುವರು. ನಾವು ಬೇರೊಂದನ್ನು ಹೇಳಬೇಕೆಂದಿರುವೆವು: ಅವಳು ಯಾರನ್ನೂ ಕೇಳಲಿಲ್ಲ. ಗಂಡನ ಅಪ್ಪಣೆಯನ್ನಾಗಲಿ ನಾಯಕನ ಅಪ್ಪಣೆಯನ್ನಾಗಲಿ ಕಾಯದೆ, ಆ ಗಳಿಗೆಯಲ್ಲಿ ತಾನೇ ನಿರ್ಣಯಿಸಿದಳು. ಆ ನಿರ್ಣಯವನ್ನು ನಾವು ಎರಡು ಶತಮಾನಗಳಿಗೂ ಮೀರಿ ಕೊಂಡಾಡುತ್ತಿರುವೆವು. ಅದೇ ಊರಿನ, ಅದೇ ಬಂಡೆಗಳ ನೆರಳಿನ ಇನ್ನೊಬ್ಬ ಹುಡುಗಿಗೆ ತನ್ನ ಮದುವೆಯ ವಿಷಯದಲ್ಲಿ ಒಂದು ಮಾತಾಡುವ ಅವಕಾಶವೂ ಇಲ್ಲ. ಪುಟ್ಟಣ್ಣನವರು ಈ ಎರಡನ್ನೂ ಒಂದೇ ಚಿತ್ರದಲ್ಲಿ ಇಟ್ಟಿರುವರು. ಹಾಡಿಗಾಗಿ ಇಟ್ಟರೋ, ಊರಿನ ಕೀರ್ತಿಗಾಗಿ ಇಟ್ಟರೋ, ಹೇಗಾದರೂ ಆಗಲಿ. ಇಟ್ಟುದರಿಂದ ಅವೆರಡೂ ಒಂದನ್ನೊಂದು ನೋಡುತ್ತಿರುವುವು. ಕೋಟೆಯನ್ನು ಕಾಯುವುದಕ್ಕೆ ಹೆಣ್ಣಿನ ಬುದ್ಧಿಯು ಬೇಕು, ತನ್ನ ಬಾಳನ್ನು ಕಾಯುವುದಕ್ಕೆ ಬೇಡವೆನ್ನುವುದು ವಿಚಿತ್ರವಲ್ಲವೇ?

ಮಾರ್ಗರೆಟ್ಟಳ ವಿಷಯಕ್ಕೆ ಬರೋಣ. ಶುಭ ಎಂಬ ನಟಿಯು ಈ ಪಾತ್ರವನ್ನು ವಹಿಸಿರುವರು. ಚಿತ್ರದಲ್ಲಿ ಇವಳ ಉಡುಪು ಬೇರೆ, ಮಾತಿನ ವರಸೆ ಬೇರೆ, ಧೈರ್ಯವೂ ಹೆಚ್ಚು. ಕ್ರೈಸ್ತ ಹುಡುಗಿಯೆಂದರೆ ಚಲಚ್ಚಿತ್ರಗಳಲ್ಲಿ ಹೀಗೆಯೇ ಇರಬೇಕೆಂಬ ಒಂದು ಕಟ್ಟಳೆಯು ಆ ಕಾಲದಲ್ಲಿದ್ದಂತೆ ತೋರುವುದು. ನಮ್ಮ ಸೀಮೆಯಲ್ಲಿ ಸೀರೆಯುಟ್ಟು ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಕುಟುಂಬಗಳನ್ನು ಕಂಡವರಿಗೆ ಇದು ಕೊಂಚ ಕೃತಕವಾಗಿ ಕಾಣದಿರದು. ಅಷ್ಟಾದರೂ ಅವಳನ್ನು ಹಗುರವಾದ ಹೆಣ್ಣೆಂದು ಕಥೆಯು ಕೊನೆಯವರೆಗೂ ಕಾಣುವುದಿಲ್ಲ. ಅವಳ ಪ್ರೀತಿಯು ನಿಜವಾದುದೇ. ಅಲಮೇಲುವಿನ ಬಾಯನ್ನು ಕಟ್ಟಿದವರು ಅವಳ ಮನೆಯವರು. ಮಾರ್ಗರೆಟ್ಟಳ ಮಾತೋ ಕಿವಿಗೆ ಬಿದ್ದರೂ, ಅವಳ ಮತವು ಬೇರೆಯೆಂಬ ಒಂದೇ ಕಾರಣದಿಂದ ಬೆಲೆಯಿಲ್ಲದ್ದಾಯಿತು.

ಹೆಚ್ಚು ಜನರು ಯೋಚಿಸದ ಒಂದು ಅಂಶವು ಇಲ್ಲಿದೆ. ರಾಮಾಚಾರಿಗೆ ಎರಡು ಸಲವೂ ಅಡ್ಡವಾದುದು ಕಾಯಿದೆಯಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಪಂಗಡಗಳ ಭೇದವನ್ನು ಎಣಿಸುವುದಿಲ್ಲ. ಅಲಮೇಲುವನ್ನು ಅವನು ಮದುವೆಯಾಗಲು ಅದರಲ್ಲಿ ಯಾವ ತಡೆಯೂ ಇರಲಿಲ್ಲ. ಮತಾಂತರವಿಲ್ಲದೆಯೇ ಬೇರೆ ಬೇರೆ ಮತದವರು ಮದುವೆಯಾಗುವುದಕ್ಕೆ 1954ರ ವಿಶೇಷ ವಿವಾಹ ಕಾಯಿದೆಯು ದಾರಿ ಮಾಡಿಕೊಟ್ಟಿತ್ತು. ಅದಕ್ಕೂ ಮುಂಚೆ 1872ರ ಕಾಯಿದೆಯೊಂದಿತ್ತು. ಅದರಂತೆ ಮದುವೆಯಾಗಬೇಕಾದವರು ತಾವು ಹಿಂದೂ, ಕ್ರೈಸ್ತ ಮೊದಲಾದ ಯಾವ ಮತಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಾಗಿತ್ತು. 1954ರ ಕಾಯಿದೆಯು ಆ ಕ್ರೂರವಾದ ನಿಬಂಧನೆಯನ್ನು ತೆಗೆದುಹಾಕಿತು. ವರನಿಗೆ 21 ವರ್ಷ, ವಧುವಿಗೆ 18 ವರ್ಷ ತುಂಬಿರಬೇಕು; ವಿವಾಹಾಧಿಕಾರಿಗೆ ನೋಟೀಸು ಕೊಟ್ಟು 30 ದಿನ ಕಾಯಬೇಕು; ಮೂವರು ಸಾಕ್ಷಿಗಳು ಬೇಕು. ಇಷ್ಟೇ. ಚಿತ್ರವು ಹೊರಬಿದ್ದಾಗ ಈ ಕಾಯಿದೆಗೆ ಹದಿನೆಂಟು ವರ್ಷಗಳಾಗಿದ್ದುವು. ಆದರೆ ಆ ನೋಟೀಸು ಕಚೇರಿಯ ಗೋಡೆಯ ಮೇಲೆ 30 ದಿನ ಊರಿನ ಕಣ್ಣ ಮುಂದೆ ಇರುವುದು. ಕಾಯಿದೆಯು ತೆರೆದ ಬಾಗಿಲಿಗೆ ಬೀದಿಯು ಅಗುಳಿ ಹಾಕುವುದಕ್ಕೆ ಅಷ್ಟು ದಿನಗಳು ಧಾರಾಳವಾಗಿ ಸಾಕು. ಆ ಮೂವರು ಸಾಕ್ಷಿಗಳಲ್ಲಿ ಒಬ್ಬರಾಗಿ ಚಾಮಯ್ಯ ಮೇಷ್ಟ್ರು ಬಂದು ರುಜು ಹಾಕಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಮೇಷ್ಟ್ರ ಪಕ್ಷದಲ್ಲಿ ಹೇಳತಕ್ಕುದೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೆಣ್ಣುಮಗಳನ್ನು ಹೆತ್ತವರ ಭಯವು ಸುಳ್ಳು ಭಯವಲ್ಲ. ಊರಿನ ಮಾತಿಗೆ ಹೆದರಿ, ಉಳಿದ ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಹೆದರಿ, ಹುಡುಗನ ಮುಂಗೋಪಕ್ಕೆ ಹೆದರಿ, ಅಲಮೇಲುವಿನ ಮನೆಯವರು ಬೇರೆ ಕಡೆ ಕೊಟ್ಟರು. ಹತ್ತು ವರ್ಷ ಕಳೆದ ಮೇಲೆ ಆ ರಾಮಾಚಾರಿಯು ಎಂತಹ ಗಂಡನಾಗುತ್ತಿದ್ದನೋ ಯಾರು ಬಲ್ಲರು? ಕೆಲಸವಿಲ್ಲದ, ಕೈ ಮುಂದಾಗುವ ಹುಡುಗನಿಗೆ ನಮ್ಮ ಮಗಳನ್ನು ಕೊಡುವೆವೇ ಎಂದು ನಾವೇ ಕೇಳಿಕೊಂಡರೆ ಉತ್ತರವು ಸುಲಭವಲ್ಲ. ಮಕ್ಕಳು ಕೇಳಿದುದಕ್ಕೆಲ್ಲ ಹೂಂ ಎನ್ನಬೇಕೆಂದು ಈ ಕಥೆಯು ಹೇಳುತ್ತಿಲ್ಲ, ನಾವೂ ಹೇಳುವುದಿಲ್ಲ. ಆದರೆ ಬೇಡವೆನ್ನುವುದಕ್ಕೆ ಇದ್ದ ನ್ಯಾಯವಾದ ಕಾರಣಗಳನ್ನು ಯಾರೂ ಎತ್ತಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹುಡುಗನ ಕೋಪದ ಮಾತು ಬರಲಿಲ್ಲ, ಕೆಲಸದ ಮಾತು ಬರಲಿಲ್ಲ. ಬಂದುದು ಪಂಗಡದ ಮಾತು, ಎರಡನೆಯ ಸಲ ಮತದ ಮಾತು. ಇತ್ತ, ಗೊತ್ತುಮಾಡಿದ ವರನ ಪಂಗಡವು ಸರಿಯಾಗಿತ್ತು, ಗುಣವನ್ನು ವಿಚಾರಿಸಿದವರಿಲ್ಲ. ಅಲಮೇಲುವಿನ ಬಾಳು ಹಾಳಾದುದು ಅಲ್ಲಿ. ಕಡಲೆಕಾಯಿಯ ಬಿತ್ತನೆಬೀಜವನ್ನು ತರುವಾಗ ಸಹ ನಾಲ್ಕು ಕಾಯಿ ಒಡೆದು ನೋಡುವ ನಮ್ಮ ಜನ, ಮಗಳ ವಿಷಯದಲ್ಲಿ ಜಾತಕವೊಂದನ್ನು ನೋಡಿ ಮುಗಿಸುವುದುಂಟು.

ಕಥೆಯ ಕೊನೆಯನ್ನು ನಾವು ಮೆಚ್ಚಲಾರೆವು. ಬೆಟ್ಟದ ನೆತ್ತಿ, ಹಾಡು, ಕೈಹಿಡಿದ ಪ್ರೇಮಿಗಳು, ಇವೆಲ್ಲವೂ ಸೇರಿ ಸಾವಿಗೆ ಒಂದು ಬೆಡಗನ್ನು ಕೊಟ್ಟುಬಿಡುವುವು; ಎಳೆಯ ಮನಸ್ಸುಗಳು ಅದನ್ನು ಪ್ರೇಮದ ಜಯವೆಂದು ತಿಳಿಯುವ ಅಪಾಯವುಂಟು. ಅದು ಜಯವಲ್ಲ. ಕಚೇರಿಯ ಬಾಗಿಲು ತೆರೆದಿತ್ತು, ಬೇರೊಂದು ಊರಿಗೆ ಹೋಗುವ ರಸ್ತೆಯೂ ತೆರೆದಿತ್ತು. ದುಡಿದು ತಿನ್ನುವ ವಯಸ್ಸು ಇಬ್ಬರಿಗೂ ಇತ್ತು. ಇನ್ನು ಮಾರ್ಗರೆಟ್ಟಳ ಮನೆಯಲ್ಲಿ ಆ ರಾತ್ರಿ ಏನಾಯಿತು, ತುಂಗಮ್ಮನು ಗಂಡನನ್ನೂ ಮಗನಂತಿದ್ದವನನ್ನೂ ಒಂದೇ ದಿನ ಕಳೆದುಕೊಂಡು ಹೇಗೆ ಬಾಳಿದಳು ಎಂಬುದನ್ನು ತೋರಿಸಿದ್ದರೆ ಆ ಬೆಡಗು ನಿಲ್ಲುತ್ತಿರಲಿಲ್ಲ. ಚಿತ್ರವು ಬಂಡೆಯ ಮೇಲೆ ಮುಗಿಯುವುದು, ಮನೆಗಳೊಳಕ್ಕೆ ಬರುವುದಿಲ್ಲ.

ಆ ಮೂವರು ಎಳೆಯರಲ್ಲಿ ಜೀವದಿಂದ ಉಳಿಯುವವಳು ಅಲಮೇಲು ಒಬ್ಬಳೇ. ತೆರೆ ಬಿದ್ದಾಗ ಅವಳು ಎಲ್ಲಿರುವಳೆಂಬುದನ್ನು ಚಿತ್ರವು ಹೇಳುವುದಿಲ್ಲ. ರಾಮಾಚಾರಿಗಾಗಿ ಅತ್ತು ಎದ್ದುಬರುವ ಪ್ರೇಕ್ಷಕರಲ್ಲಿ ಅವಳನ್ನು ವಿಚಾರಿಸುವವರು ಕಡಿಮೆ. ಅವಳಿಗೆ ತೌರುಮನೆಯೊಂದಿತ್ತು, ಅಣ್ಣನೊಬ್ಬನಿದ್ದನು.